ಮುಯ್ಯಿ ಪುಸ್ತಕದಲ್ಲಿ ಎರಡು ಸೇರು ಶೇಂಗಾ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಆಡಿದ ಮಾತು ಇದು. ಒಬ್ಬ ವಿದ್ಯಾರ್ಥಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದ. ಅದನ್ನು ಕೇಳಿಕೊಂಡು ಬರೆದಿದ್ದೇನೆ. ಫ್ಯಾನಿನ ಸದ್ದಿನಲ್ಲಿ ಮಾತು ಮುಳುಗಿದ ಕಡೆ ನೆನಪಿನಿಂದ ತುಂಬಿಸಿದ್ದೇನೆ. ಎರಡು ಜೋಕು ಕೈಬಿಟ್ಟಿದ್ದೇನೆ. ಅವಕ್ಕೆ ಅಲ್ಲೂ ಯಾರೂ ನಗಲಿಲ್ಲ.

ಎಲ್ಲರಿಗೂ ನಮಸ್ಕಾರ.

ನನ್ನ ಹಿಂದೆ ಕಟ್ಟಿರುವ ಬ್ಯಾನರ್ ಓದಿದಿರಾ? ‘ಅಭಿವೃದ್ಧಿಶೀಲ ರಾಷ್ಟ್ರಗಳ ಪರಸ್ಪರ ಸಹಕಾರ ಮತ್ತು ಮಾನವೀಯ ನೆರವಿನ ಮರುಚಿಂತನೆ.’ ಓದಿ ಮುಗಿಸುವಷ್ಟರಲ್ಲಿ ನನಗೇ ಬಾಯಾರಿತು. ನಮ್ಮ ಅಜ್ಜಿ ಇದನ್ನು ಎರಡಕ್ಷರದಲ್ಲಿ ಹೇಳುತ್ತಿದ್ದಳು. ಮುಯ್ಯಿ.

ಇಲ್ಲಿ ಕೂತಿರುವ ಹುಡುಗರಿಗೆ ಈ ಪದ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಹಳ್ಳಿಯಲ್ಲಿ ಮುಯ್ಯಾಳು ಅಂತ ಇತ್ತು. ಈ ವಾರ ನಿಮ್ಮ ಹೊಲದ ಕಳೆಗೆ ನಮ್ಮ ಮನೆಯಿಂದ ನಾಲ್ಕು ಜನ. ಮುಂದೆ ನಮ್ಮ ಶೇಂಗಾ ಕೀಳುವಾಗ ನಿಮ್ಮ ಮನೆಯಿಂದ ನಾಲ್ಕು ಜನ. ಕೂಲಿ ಇಲ್ಲ. ಮಧ್ಯಾಹ್ನದ ಊಟ ಹೊಲದವರದ್ದು. ಮದುವೆ ಮನೆಯಲ್ಲೂ ಮುಯ್ಯಿ ಇತ್ತು. ಬಂದವರು ಕೊಟ್ಟದ್ದನ್ನು ಒಬ್ಬರು ಕೂತು ಪುಸ್ತಕದಲ್ಲಿ ಬರೆಯುತ್ತಿದ್ದರು. ಆಮೇಲೆ ಅವರ ಮನೆಯಲ್ಲಿ ಶುಭಕಾರ್ಯ ಆದಾಗ ಆ ಪುಸ್ತಕ ತೆಗೆದು ನೋಡಿ, ಅದಕ್ಕೆ ತಕ್ಕ ಹಾಗೆ ಕೊಡುವುದು. ಈಗಲೂ ಕೆಲವು ಕಡೆ ಇದೆ. ಆದರೆ ಕವರಿನ ಮೇಲೆ ಹೆಸರು ಬರೆಯುವುದನ್ನೇ ಜನ ಮರೆಯುತ್ತಾರೆ. ಮುಯ್ಯಿ ಅಂದರೆ ಸೇಡು ಅನ್ನುವ ಅರ್ಥವೂ ಇದೆ, ಅದೂ ನೆನಪಿರಲಿ. ಅದರ ಕಡೆಗೂ ಬರುತ್ತೇನೆ.

ನಾನು ಚಳ್ಳಕೆರೆ ತಾಲ್ಲೂಕಿನವನು. ನಮ್ಮ ಮನೆಯಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಲೆಕ್ಕದ ಪುಸ್ತಕ ಒಂದಿತ್ತು. ನಮ್ಮ ದೊಡ್ಡ ಅತ್ತೆಯ ಮದುವೆಯ ಮುಯ್ಯಿ ಅದರಲ್ಲಿತ್ತು. ಒಂದು ರೂಪಾಯಿ, ಎರಡು ರೂಪಾಯಿ, ಒಂದು ಕುಬುಸದ ಕಣ, ಒಂದು ತಂಬಿಗೆ. ನಡುವೆ ಒಂದು ಸಾಲು: ‘ಶೇಂಗಾ, ಎರಡು ಸೇರು.’ ನನಗೆ ನಗು ಬಂತು. ಮದುವೆಗೆ ಯಾರಾದರೂ ಶೇಂಗಾ ತರುತ್ತಾರಾ? ಅಜ್ಜಿ ನಗಲಿಲ್ಲ. ಆ ವರ್ಷ ಅವರ ಕೈಯಲ್ಲಿ ದುಡ್ಡಿರಲಿಲ್ಲ, ಬಿತ್ತನೆಗೆ ಇಟ್ಟುಕೊಂಡಿದ್ದರಲ್ಲಿ ತಂದರು ಅಂದಳು. ಅವರ ಮಗಳ ಮದುವೆಗೆ ನೀನೇನು ಕೊಟ್ಟೆ ಅಂತ ಕೇಳಿದೆ. ಮೂರು ಸೇರು ಶೇಂಗಾ ಅಂದಳು. ಅಷ್ಟೊತ್ತಿಗೆ ನಮ್ಮ ಮನೆ ಪರವಾಗಿಲ್ಲ ಅನ್ನುವ ಹಾಗಿತ್ತು, ಒಂದು ಮೂಟೆಯನ್ನೇ ಕಳಿಸಬಹುದಿತ್ತು. ಯಾಕೆ ಕಳಿಸಲಿಲ್ಲ ಅಂದರೆ, ‘ಮೂಟೆ ಕಳಿಸಿದ್ರೆ ಅವರ ಮಕದ ಮ್ಯಾಲೆ ಹೊಡೆದಂಗೆ ಆಗ್ತಿತ್ತು ಕಣೋ’ ಅಂದಳು.

ಇವತ್ತು ನಾನು ಹೇಳಬೇಕಾದದ್ದು ಹೆಚ್ಚುಕಮ್ಮಿ ಇಷ್ಟೇ. ಆದರೆ ಒಂದು ಗಂಟೆ ಟೈಮ್ ಕೊಟ್ಟಿದ್ದೀರಿ, ಕಾಫಿ ಬೇರೆ ಆಮೇಲೆ ಅಂದಿದ್ದೀರಿ.

ಮುಯ್ಯಿಯ ಎದುರಿಗೆ ಇರುವುದು ದಾನ. ನಾನು ದಾನ ತಿಂದು ಬೆಳೆದವನು. 1966ರಲ್ಲಿ ನಾನು ಪ್ರೈಮರಿ ಶಾಲೆಯಲ್ಲಿದ್ದೆ. 1965 ಮತ್ತು 66, ಎರಡು ವರ್ಷ ಮೇಲಿಂದ ಮೇಲೆ ಬರ. ಶಾಲೆಯಲ್ಲಿ ಮಧ್ಯಾಹ್ನ ಗೋಧಿ ರವೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಚೀಲದ ಮೇಲೆ ಕೈ ಕುಲುಕುವ ಚಿತ್ರ ಇರುತ್ತಿತ್ತು. ಆ ಉಪ್ಪಿಟ್ಟಿನ ರುಚಿ ಈಗಲೂ ನಾಲಿಗೆಯ ಮೇಲಿದೆ, ಅದರ ಬಗ್ಗೆ ನಾನು ಕೆಟ್ಟ ಮಾತಾಡಲಾರೆ. ಹಸಿದ ಮಗುವಿಗೆ ಚೀಲದ ಮೇಲಿನ ಚಿತ್ರ ಕಾಣುವುದಿಲ್ಲ.

ಕಂಡದ್ದು ದೊಡ್ಡವನಾದ ಮೇಲೆ, ಅರ್ಥಶಾಸ್ತ್ರ ಓದುವಾಗ. 1954ರಲ್ಲಿ ಅಮೆರಿಕ ತನ್ನ ಧಾನ್ಯವನ್ನು ಹೊರದೇಶಗಳಿಗೆ ಕೊಡಲು ಪಿಎಲ್-480 ಅನ್ನುವ ಕಾಯ್ದೆ ಮಾಡಿತು. ಅವರ ಗೋದಾಮಿನಲ್ಲಿ ಧಾನ್ಯ ಜಾಸ್ತಿಯಾಗಿತ್ತು, ಇಲ್ಲಿ ಹೊಟ್ಟೆ ಖಾಲಿಯಿತ್ತು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಹೆಚ್ಚಿನದು ಅಮೆರಿಕದ್ದು. ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಆಡಿದ ಮಾತು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ. ವರ್ಷದ ಒಪ್ಪಂದ ಬಿಟ್ಟು ಸ್ವಲ್ಪ ಸ್ವಲ್ಪವೇ ಗೋಧಿ ಬಿಡತೊಡಗಿದರು. ಒಂದು ಹಡಗು ಬಂದ ಮೇಲೆ ಮುಂದಿನ ಹಡಗಿಗೆ ಕಾಯುವುದು. ದನಕ್ಕೆ ಹಗ್ಗ ಗಿಡ್ಡ ಮಾಡಿ ಕಟ್ಟುತ್ತೇವಲ್ಲ, ಹಾಗೆ. ಅದಕ್ಕೂ ಮೊದಲೇ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಒಂದು ಹೊತ್ತು ಊಟ ಬಿಡಿ ಅಂತ ದೇಶಕ್ಕೆ ಕೇಳಿಕೊಂಡಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೇಳಬೇಕಾಗಿರಲಿಲ್ಲ.

ನಿಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅದು ಆ ಗೋಧಿಯ ಜೊತೆಗೇ ಬಂತು ಅಂತ ಜನ ಹೇಳುತ್ತಾರೆ. ಖಂಡಿತ ಹೌದೋ ಅಲ್ಲವೋ, ಜನ ಹಾಗೆ ನೆನಪಿಟ್ಟುಕೊಂಡಿರುವುದಂತೂ ಹೌದು.

ಅದೇ 1966ರಲ್ಲಿ ಇನ್ನೊಂದು ಸಾಮಾನೂ ಬಂತು. ಮೆಕ್ಸಿಕೊದಿಂದ 18,000 ಟನ್ ಗೋಧಿ ಬೀಜ. ಗಿಡ್ಡ ತಳಿ, ಗೊಬ್ಬರ ಹಾಕಿದರೆ ತೆನೆಯ ಭಾರಕ್ಕೆ ಮಲಗದ ತಳಿ. ಅದರ ಹಿಂದೆ ಅಮೆರಿಕದ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಇದ್ದರು, ಅಮೆರಿಕದ ಫೌಂಡೇಶನ್ ದುಡ್ಡೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ನಮ್ಮಂಥದ್ದೇ ಇನ್ನೊಂದು ದೇಶದ ಹೊಲದಲ್ಲಿ ಪಾಸಾಗಿ ಬಂದ ಬೀಜ. ಒಂದೇ ವರ್ಷ ನೋಡಿ. ಒಂದು ಕಡೆಯಿಂದ ಕಾಳು, ಇನ್ನೊಂದು ಕಡೆಯಿಂದ ಬೀಜ. ಕಾಳು ಆ ವರ್ಷ ನನ್ನನ್ನು ಉಳಿಸಿತು. 2021ರಲ್ಲಿ ಭಾರತ ಅಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡುತ್ತೇನೆ ಅಂದ ಮೇಲೆ, 2022ರಲ್ಲಿ ಅಫ್ಘಾನಿ ಲಾರಿಗಳು ಪಾಕಿಸ್ತಾನ ದಾಟಿ ಅಟ್ಟಾರಿ ಗಡಿಗೆ ಬಂದು ಲೋಡ್ ಮಾಡಿಕೊಂಡು ಹೋದವಲ್ಲ, ಅದಕ್ಕೆ ಆ ಬೀಜ ಕಾರಣ.

ಈ ವಿಷಯದ ಇತಿಹಾಸವನ್ನು ಬೇಗ ಮುಗಿಸಿಬಿಡುತ್ತೇನೆ, ಪರೀಕ್ಷೆಗೆ ಬೇಕಾದವರು ಬರೆದುಕೊಳ್ಳಿ. 1955ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳು ಸೇರಿದವು. 1964ರಲ್ಲಿ ಭಾರತ ಐಟೆಕ್ ಅನ್ನುವ ತರಬೇತಿ ಯೋಜನೆ ಶುರು ಮಾಡಿತು, ಹೊರದೇಶದ ನೌಕರರು, ತಂತ್ರಜ್ಞರು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. 1978ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 138 ದೇಶಗಳು ಒಂದು ಕಾರ್ಯಯೋಜನೆ ಒಪ್ಪಿದವು. ಅದರ ನೆನಪಿಗೇ ಸೆಪ್ಟೆಂಬರ್ 12ನ್ನು ದಕ್ಷಿಣ-ದಕ್ಷಿಣ ಸಹಕಾರದ ದಿನ ಅನ್ನುತ್ತಾರೆ. ದಕ್ಷಿಣ ಅಂದ ತಕ್ಷಣ ಭೂಪಟ ತೆಗೆಯಬೇಡಿ. ನಾವು ಭೂಮಧ್ಯರೇಖೆಯ ಉತ್ತರಕ್ಕಿದ್ದೇವೆ, ಆದರೂ ನಾವು ದಕ್ಷಿಣ. ಆಸ್ಟ್ರೇಲಿಯಾ ಅಷ್ಟು ಕೆಳಗಿದ್ದರೂ ಉತ್ತರ. ಇದು ಜೇಬಿನ ಭೂಗೋಳ.

ಈಗ ಒಂದು ಲಾರಿಯ ಕಥೆ.

2019ರ ಆಗಸ್ಟ್. ಮಲಪ್ರಭಾ, ಘಟಪ್ರಭಾ, ಕೃಷ್ಣಾ ಎಲ್ಲ ಒಟ್ಟಿಗೆ ಉಕ್ಕಿದವು. ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಒಂದು ಲಾರಿ ತುಂಬಿದೆವು. ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ, ಹಳೇ ಬಟ್ಟೆ. ಆಜಾದ್ ನಗರದ ಭಟ್ಟಿಯೊಂದರವರು ಇಪ್ಪತ್ತು ಚೀಲ ಮಂಡಕ್ಕಿ ಕೊಟ್ಟರು. ಮಂಡಕ್ಕಿಗೆ ತೂಕ ಇಲ್ಲ, ಜಾಗ ಮಾತ್ರ ಬೇಕು. ಅರ್ಧ ಲಾರಿ ಅದೇ ಆಯಿತು, ಡ್ರೈವರ್‌ಗೆ ಸಿಟ್ಟು ಬಂತು. ಗದಗ ದಾಟಿ ರೋಣದ ಕಡೆ ಒಂದು ಹಳ್ಳಿಗೆ ಹೋದೆವು. ಶಾಲೆಯ ಜಗುಲಿಯ ಮೇಲೆ ನಮಗಿಂತ ಮುಂಚೆ ಬಂದವರು ಸುರಿದ ಬಟ್ಟೆಯ ಗುಡ್ಡೆ. ನಮ್ಮದನ್ನೂ ಅದರ ಮೇಲೆ ಸುರಿದೆವು.

ಒಬ್ಬ ಹೆಂಗಸು ಆ ಗುಡ್ಡೆಯಲ್ಲಿ ಏನೋ ಹುಡುಕುತ್ತಿದ್ದಳು. ಸೀರೆ ತೆಗೆಯುತ್ತಾಳೆ, ಪಕ್ಕಕ್ಕಿಡುತ್ತಾಳೆ, ಮತ್ತೆ ಕೈ ಹಾಕುತ್ತಾಳೆ. ಏನು ಬೇಕವ್ವಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಖ ಆ ಕಡೆ ಮಾಡಿ ಹೇಳಿದಳು: ‘ಸೀರಿ ಭಾಳ ಅದಾವ್ರೀ. ಲಂಗ ಒಂದೂ ಇಲ್ಲ.’ ಲಂಗ ಇಲ್ಲದೆ ಸೀರೆ ಉಡುವುದು ಹೇಗೆ? ಲಾರಿ ತುಂಬುವಾಗ ಹದಿನೈದು ಗಂಡಸರಿದ್ದೆವು. ಒಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅವಳೇ ಕೇಳಿದಳು: ‘ಅಣ್ಣಾರ, ಹಂಚು ತಂದೀರೇನ್ರೀ?’ ರೊಟ್ಟಿ ಬೇಯಿಸುವ ಹಂಚು. ಒಲೆ, ಹಂಚು, ಕೊಣಮಿಗೆ ಎಲ್ಲ ನೀರಲ್ಲಿ ಹೋಗಿದ್ದವು. ನಾವು ತಂದದ್ದು ಅಕ್ಕಿ. ಮೂರು ಹೊತ್ತೂ ರೊಟ್ಟಿ ತಿನ್ನುವ ಊರಿಗೆ.

ಸಂಜೆಗೆ ಒಂದು ಟ್ರ್ಯಾಕ್ಟರ್ ಬಂತು. ಅದೇ ಹೊಳೆಯ ಮೇಲ್ಭಾಗದ ಇನ್ನೊಂದು ಊರಿನವರು. ಬಡವರೇ. ಟ್ರ್ಯಾಕ್ಟರಿನಲ್ಲಿ ಏನಿತ್ತು ಗೊತ್ತಾ? ಹಂಚು, ಜೋಳದ ಹಿಟ್ಟು, ಸಲಿಕೆ, ಮನೆಯೊಳಗಿನ ಕೆಸರು ಹೊರಹಾಕೋಕೆ ಬುಟ್ಟಿ, ಸುಣ್ಣ, ಪ್ಲಾಸ್ಟಿಕ್ ಸುತ್ತಿದ ಬೆಂಕಿಪೆಟ್ಟಿಗೆ. ಒಂದು ಗಂಟು ಲಂಗ. ಅವರಲ್ಲೊಬ್ಬ ಯಜಮಾನರಿಗೆ, ನಿಮಗೆ ಹೆಂಗೆ ಗೊತ್ತಾಯ್ತು ಅಂದೆ. ‘ಒಂಬತ್ತರಾಗ ನಮ್ಮೂರು ಮುಳುಗಿತ್ತಲ್ರೀ. ಆವಾಗ ನಮಗ ಇವು ಬೇಕಾಗಿದ್ವು. ಯಾರೂ ತರಲಿಲ್ಲ’ ಅಂದರು. 2009ರ ನೆರೆಯ ಮಾತು ಅದು.

ನಮ್ಮ ಲಾರಿಯಲ್ಲಿ ಮೊದಲು ಖಾಲಿಯಾದದ್ದು ಮಂಡಕ್ಕಿ. ಒಲೆ ಬೇಡ, ನೀರು ಬೇಡ, ಪಾತ್ರೆ ಬೇಡ. ಬಂಗಾಳದಲ್ಲಿ, ಬಾಂಗ್ಲಾದೇಶದಲ್ಲಿ ಪ್ರವಾಹ ಬಂದರೆ ಮೊದಲು ಹಂಚುವುದೇ ಮಂಡಕ್ಕಿ, ಅವಲಕ್ಕಿ, ಬೆಲ್ಲ ಅಂತ ಆಮೇಲೆ ಗೊತ್ತಾಯಿತು. ಡ್ರೈವರ್‌ಗೂ ಹೇಳಿದೆ. ಅವನ ಸಿಟ್ಟು ಇಳಿದಿರಲಿಲ್ಲ.

ಆ ಟ್ರ್ಯಾಕ್ಟರನ್ನು ದೇಶದ ಅಳತೆಗೆ ಹಿಗ್ಗಿಸಿದರೆ ಬಾಂಗ್ಲಾದೇಶ ಸಿಗುತ್ತದೆ. ಇಲ್ಲಿ ಮೆಡಿಕಲ್ ಕಾಲೇಜಿನ ಹುಡುಗರೂ ಬಂದಿದ್ದೀರಿ, ಇದು ನಿಮಗೆ.

1971. ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ. ಆಸ್ಪತ್ರೆಯ ನೆಲದ ಮೇಲೆ ಜನ, ಸಲೈನ್ ಬಾಟಲಿ ಮುಗಿದಿತ್ತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಕೋಲ್ಕತ್ತದಲ್ಲಿ ಉಪ್ಪು, ಸೋಡಾ, ಗ್ಲೂಕೋಸ್ ಅಳೆದು ಪೊಟ್ಟಣ ಕಟ್ಟಿಸಿದರು. ಶಿಬಿರದಲ್ಲಿ ಅದನ್ನು ಡ್ರಮ್ಮಿನ ನೀರಿಗೆ ಕಲಸಿ ನಲ್ಲಿ ಇಟ್ಟರು. ಬಾಯಿಂದ ಕುಡಿಸಿ ಅಂತ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಇಪ್ಪತ್ತು, ಮೂವತ್ತು ಸಾಯುತ್ತಿದ್ದ ಕಡೆ ಸಾವು ಸುಮಾರು 3.6ಕ್ಕೆ ಇಳಿಯಿತು. ಢಾಕಾದಲ್ಲೂ ಇದರ ಮೇಲೆ ಆಗಲೇ ಕೆಲಸ ನಡೆದಿತ್ತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಮರುವರ್ಷ ಬಂತು. ನಮ್ಮಲ್ಲಿ ಯಾವಾಗಲೂ ಹೀಗೇ ಸ್ವಲ್ಪ ಲೇಟು.

ಮುಂದೆ ಬಾಂಗ್ಲಾದೇಶದ ಬ್ರ್ಯಾಕ್ ಅನ್ನುವ ಸಂಸ್ಥೆ ಪೊಟ್ಟಣವನ್ನೂ ಬಿಟ್ಟಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. 1980ರಿಂದ 1990ರವರೆಗೆ ಮನೆಮನೆಗೆ ಹೋಗಿ ಸುಮಾರು 1.2 ಕೋಟಿ ಮನೆಗಳಲ್ಲಿ ತಾಯಂದಿರಿಗೆ ಕಲಿಸಿದರು. ನನಗೆ ಇಷ್ಟವಾದದ್ದು ಅವರ ಸಂಬಳದ ಲೆಕ್ಕ. ಕಲಿಸುವವಳಿಗೆ ಎಷ್ಟು ಮನೆಗೆ ಹೋದೆ ಅಂತ ನೋಡಿ ದುಡ್ಡು ಕೊಡುತ್ತಿರಲಿಲ್ಲ. ಆಮೇಲೆ ಬೇರೆಯವರು ಹೋಗಿ ಆ ತಾಯಿಗೆ ಎಷ್ಟು ನೆನಪಿದೆ ಅಂತ ಪರೀಕ್ಷೆ ಮಾಡುತ್ತಿದ್ದರು. ಅದರ ಮೇಲೆ ಇವಳ ಸಂಬಳ. ಈ ಲೆಕ್ಕ ನಮ್ಮಂಥ ಮೇಷ್ಟ್ರುಗಳಿಗೆ ಹಾಕಿದ್ದರೆ ನಾನು ಪಿಂಚಣಿವರೆಗೂ ಬರುತ್ತಿರಲಿಲ್ಲ.

ಈಗ 1994ರ ಜುಲೈ. ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಗಡಿ ದಾಟಿ ಗೋಮಾ ಅನ್ನುವ ಊರಿಗೆ ಬಂದರು. ಈಗಿನ ಕಾಂಗೋದಲ್ಲಿದೆ. ಕಾಲರಾ ಬಂತು, ಹಿಂದೆಯೇ ರಕ್ತಭೇದಿ. ಮೊದಲ ಒಂದು ತಿಂಗಳಲ್ಲೇ ಸತ್ತವರು ಸುಮಾರು 50 ಸಾವಿರ. ನೆರವಿಗೆ ಬಂದವರಿಗೆ ಕೊರತೆ ಇರಲಿಲ್ಲ. ಜಗತ್ತಿನ ಎಲ್ಲ ಕಡೆಯಿಂದ ಸಂಸ್ಥೆಗಳು, ವಿಮಾನಗಳು, ಟಿವಿ ಕ್ಯಾಮೆರಾಗಳು. ಆದರೂ ಚಿಕಿತ್ಸೆ ಕೊಡುವ ಡೇರೆಯೊಳಗೇ ಜನ ಸಾಯುತ್ತಿದ್ದರು. ಯಾಕೆ? ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರದಿಂದ, ಅಂದರೆ ಐಸಿಡಿಡಿಆರ್‌ಬಿಯಿಂದ, ಒಂದು ತಂಡ ಹೋಯಿತು. ಅವರು ಕಂಡದ್ದು ಇಷ್ಟು. ಬಂದಿದ್ದ ಅನೇಕ ಡಾಕ್ಟರು, ನರ್ಸುಗಳು ಹುಷಾರಿನವರು, ಒಳ್ಳೆಯವರು, ಆದರೆ ಕಾಲರಾ ನೋಡಿದವರಲ್ಲ. ನೀರು ನಿಧಾನವಾಗಿ ಕೊಡುತ್ತಿದ್ದರು, ಕಮ್ಮಿ ಕೊಡುತ್ತಿದ್ದರು. ಬಾಯಿಂದ ಕುಡಿಸುವ ಓಆರ್‌ಎಸ್ ಅನ್ನು ಸಾಕಷ್ಟು ಬಳಸುತ್ತಿರಲಿಲ್ಲ. ಬಾಂಗ್ಲಾ ತಂಡ ಒಂದು ಕೇಂದ್ರ ನೋಡಿಕೊಂಡಿತು, ಅಲ್ಲಿ ಸಾವು ಬೇಗನೆ ಇಳಿಯಿತು. ಅವರಿಗೆ ಇದು ವರ್ಷಕ್ಕೆರಡು ಸಲ ತಮ್ಮ ಊರಿನ ಆಸ್ಪತ್ರೆಗೆ ಬರುವ ಕಾಯಿಲೆ. 2009ರಲ್ಲಿ ಮುಳುಗಿದ ಊರಿನವರಿಗೆ ಹಂಚು ಗೊತ್ತಿದ್ದ ಹಾಗೆ.

ಚಂಡಮಾರುತದಲ್ಲೂ ಹಾಗೇ. 1970ರ ಭೋಲಾ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. 1972ರಲ್ಲಿ ಸ್ವಯಂಸೇವಕರ ಪಡೆ ಕಟ್ಟಿದರು. ಕೈಯಲ್ಲಿ ಮೈಕು, ಬಾವುಟ, ಸೈಕಲ್ಲು. ಆಮೇಲೆ ಆಶ್ರಯ ಕಟ್ಟಡಗಳು ಬಂದವು. 2007ರ ಸಿಡ್ರ್ ಚಂಡಮಾರುತವೂ ಭಯಂಕರದ್ದೇ, ಸತ್ತವರು ಸುಮಾರು 3,400. ಮೂರು ಸಾವಿರವೂ ಕಡಿಮೆಯಲ್ಲ, ನಿಜ.

ದೂರದ ನೆಂಟನಿಗಿಂತ ಪಕ್ಕದ ಮನೆಯವನು ಮೇಲು ಅನ್ನುವುದಕ್ಕೆ ಮೊಜಾಂಬಿಕ್ ಇದೆ. 2000ದ ಫೆಬ್ರುವರಿ, ಮಾರ್ಚ್‌ನಲ್ಲಿ ಲಿಂಪೋಪೋ ನದಿ ಬಯಲನ್ನೆಲ್ಲ ನುಂಗಿತು. ಜನ ಮರ ಹತ್ತಿ ಕೂತಿದ್ದರು. ಮರದ ಮೇಲೇ ಒಬ್ಬ ತಾಯಿಗೆ ಹೆರಿಗೆಯಾಯಿತು. ತಾಯಿ ಮಗುವನ್ನು ಮೇಲೆತ್ತಿದ್ದು ದಕ್ಷಿಣ ಆಫ್ರಿಕಾದ ವಾಯುಪಡೆಯ ಹೆಲಿಕಾಪ್ಟರ್. ಆ ಚಿತ್ರ ಜಗತ್ತಿನ ಪೇಪರುಗಳಲ್ಲೆಲ್ಲ ಬಂತು. ದೊಡ್ಡ ದೇಶಗಳ ಹೆಲಿಕಾಪ್ಟರುಗಳು ಬರುವ ಹೊತ್ತಿಗೆ ಮರದ ಮೇಲಿದ್ದ ಹೆಚ್ಚಿನವರನ್ನು ಪಕ್ಕದ ದೇಶದವರೇ ಇಳಿಸಿದ್ದರು. 2019ರಲ್ಲಿ ಅಲ್ಲೇ ಇಡಾಯಿ ಚಂಡಮಾರುತ ಬಂದಾಗ ಬೇಗ ಮುಟ್ಟಿದವರಲ್ಲಿ ನಮ್ಮ ನೌಕಾಪಡೆ ಇತ್ತು. ಹಡಗುಗಳು ಆ ಕಡೆಯ ಸಮುದ್ರದಲ್ಲೇ ಇದ್ದವು, ಬೈರಾ ಬಂದರಿಗೆ ತಿರುಗಿಸಿದರು.

ಇನ್ನು ದುಡ್ಡಿನ ವಿಷಯ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ಸಮಾವೇಶ ಆಯಿತು. ನೆರವಿನ ಹಣದಲ್ಲಿ ಕಾಲು ಭಾಗ ಆದಷ್ಟು ನೇರವಾಗಿ ಆಯಾ ದೇಶದ, ಆಯಾ ಊರಿನ ಸಂಸ್ಥೆಗಳಿಗೆ ಹೋಗಬೇಕು, 2020ರೊಳಗೆ, ಅಂತ ದಾನಿಗಳು ಮಾತು ಕೊಟ್ಟರು. 2020 ಬಂತು, ಹೋಯಿತು. ನೇರವಾಗಿ ಹೋದದ್ದು ನೂರಕ್ಕೆ ಐದನ್ನೂ ಮುಟ್ಟಲಿಲ್ಲ. ಅಮೆರಿಕದ ಕಾನೂನು ನೋಡಿ. ಅವರು ಕೊಡುವ ಧಾನ್ಯದಲ್ಲಿ ಕಡಿಮೆ ಅಂದರೂ ಅರ್ಧ ಅಮೆರಿಕದ ಬಾವುಟದ ಹಡಗಿನಲ್ಲೇ ಹೋಗಬೇಕು. ಹಡಗಿನ ಬಾಡಿಗೆ ಜಾಸ್ತಿಯಾದಷ್ಟೂ ಹೊಟ್ಟೆಗೆ ಕಮ್ಮಿ.

ನಾವೇನು ಕಮ್ಮಿಯಾ? ಒಂದು ಬರಗಾಲದಲ್ಲಿ, ಯಾವ ವರ್ಷ ಯಾವ ಊರು ಅನ್ನುವುದು ಬೇಡ, ನಮ್ಮ ಕಡೆಯ ಒಂದು ಗೋಶಾಲೆಗೆ ಹೋಗಿದ್ದೆ. ಮೇವು ಟೆಂಡರ್ ಮೂಲಕ ದೂರದಿಂದ ಬಂದಿತ್ತು. ನೆಲ್ಲುಹುಲ್ಲು. ಅದೂ ಮಳೆಗೆ ನೆನೆದು ಬೂಸಲು ಹಿಡಿದದ್ದು. ರಾಗಿಹುಲ್ಲು, ಶೇಂಗಾ ಹೊಟ್ಟು ತಿಂದು ಬೆಳೆದ ದನ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು. ದನ ಕಾಯುವ ಅಜ್ಜ ಒಬ್ಬ ಹೇಳಿದ, ಮೂರು ಮೈಲಿ ಆಚೆ ಬೋರ್‌ವೆಲ್ ಇರುವವರ ಹತ್ತಿರ ಮೂರು ಬಣವೆ ರಾಗಿಹುಲ್ಲು ಇದೆ ಅಂತ. ಅವರ ಹತ್ತಿರ ಯಾಕೆ ಕೊಳ್ಳಲಿಲ್ಲ? ಅವರಿಗೆ ಟೆಂಡರ್ ಹಾಕೋಕೆ ಬರಲ್ಲ.

ಬ್ರೆಜಿಲ್ ಈ ಗಂಟನ್ನು ಒಂದು ಕಡೆ ಬಿಚ್ಚಿತು. ಅಲ್ಲಿನ ಶಾಲೆಗಳ ಊಟಕ್ಕೆ ಸರ್ಕಾರ ಕೊಡುವ ದುಡ್ಡಿನಲ್ಲಿ ನೂರಕ್ಕೆ 30ರಷ್ಟನ್ನಾದರೂ ಸಣ್ಣ ರೈತ ಕುಟುಂಬಗಳಿಂದಲೇ ಕೊಳ್ಳಲು ಬಳಸಬೇಕು ಅಂತ 2009ರಲ್ಲಿ ಕಾನೂನು ಮಾಡಿದರು. 2012ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳ ಜೊತೆ ಸೇರಿ ಇಥಿಯೋಪಿಯಾ, ಮಲಾವಿ, ಮೊಜಾಂಬಿಕ್, ನೈಜರ್, ಸೆನೆಗಲ್‌ಗಳಲ್ಲಿ ಅದೇ ದಾರಿಯನ್ನು ಪ್ರಯೋಗ ಮಾಡಿದರು. ಹಡಗಿನಲ್ಲಿ ಕಾಳು ತರುವ ಬದಲು ಪಕ್ಕದ ಹಳ್ಳಿಯ ರೈತನ ಕಾಳು ಕೊಂಡು ಮಕ್ಕಳಿಗೆ ಹಾಕುವುದು. ಮೂರು ಮೈಲಿ ಆಚೆಯ ರಾಗಿಹುಲ್ಲು, ಅಷ್ಟೇ.

ಇನ್ನೊಂದು, ದಾವಣಗೆರೆಯವರಿಗೆ ವಿವರಿಸಲೇಬೇಕಾಗಿಲ್ಲ. ಚೀಟಿ. ಕೆರಿಬಿಯನ್ ದ್ವೀಪಗಳು ಪುಟಾಣಿ ದೇಶಗಳು. ಒಂದು ಬಿರುಗಾಳಿ ಬಂದರೆ ಇಡೀ ವರ್ಷದ ಬಜೆಟ್ ಹಾರಿಹೋಗುತ್ತದೆ. 2007ರಲ್ಲಿ 16 ಸರ್ಕಾರಗಳು ಸೇರಿ ಒಂದು ವಿಮೆಯ ಹುಂಡಿ ಮಾಡಿದವು. ಶುರುವಿನ ಗಂಟಿಗೆ ವಿಶ್ವಬ್ಯಾಂಕು, ಕೆನಡಾ ಮುಂತಾದವು ಕೈಜೋಡಿಸಿದವು. ಎಲ್ಲರೂ ವರ್ಷವರ್ಷ ಕಂತು ಕಟ್ಟುವುದು, ಯಾರಿಗೆ ಕಷ್ಟ ಬಂತೋ ಅವರು ಎತ್ತುವುದು. ಪಂಚನಾಮೆ ಇಲ್ಲ, ನಷ್ಟದ ಸರ್ವೆ ಇಲ್ಲ. ಗಾಳಿಯ ವೇಗ ಇಷ್ಟು, ಭೂಕಂಪದ ಬಲ ಇಷ್ಟು ಅಂತ ಮಾಪಕ ತೋರಿಸಿದರೆ ಸಾಕು, ದುಡ್ಡು ಹೊರಡುತ್ತದೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಯಿತು. 14 ದಿನದಲ್ಲಿ ಸುಮಾರು 77.5 ಲಕ್ಷ ಡಾಲರ್ ಅವರ ಕೈ ಸೇರಿತು. ಆದ ನಷ್ಟದ ಮುಂದೆ ಅದು ಸಾಸಿವೆ ಕಾಳು. ಆದರೆ ಯಾರ ಬಾಗಿಲಲ್ಲೂ ನಿಂತು ಕೇಳಿದ್ದಲ್ಲ, ತಾವೇ ಹಾಕಿದ ಚೀಟಿ. ಬೆಳೆ ಪರಿಹಾರಕ್ಕೆ ಪಹಣಿ ಹಿಡಿದು ಅಲೆದವರು ಇಲ್ಲಿ ಇದ್ದೀರಿ, 14 ದಿನ ಅಂದರೆ ಏನು ಅಂತ ನಿಮಗೆ ಗೊತ್ತು.

ಹೈಟಿ ಅಂದ ಮೇಲೆ ಅಲ್ಲಿಯ ಎರಡು ಕಹಿ ಮಾತೂ ಹೇಳಬೇಕು. ಒಂದು, ಅಮೆರಿಕದ ಅಗ್ಗದ ಅಕ್ಕಿ ಬಂದು ಹೈಟಿಯ ಭತ್ತದ ರೈತ ನೆಲ ಕಚ್ಚಿದ. ಮಾಜಿ ಅಧ್ಯಕ್ಷ ಕ್ಲಿಂಟನ್ 2010ರಲ್ಲಿ ಇದು ನಮ್ಮ ತಪ್ಪು ಅಂತ ಬಾಯಿಬಿಟ್ಟು ಒಪ್ಪಿಕೊಂಡರು. ಇದು ಹೇಳೋಕೆ ಸುಲಭ, ತಪ್ಪು ಅವರದ್ದಲ್ವಾ.

ಎರಡನೆಯದು ಕಷ್ಟ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೈಟಿಗೆ ಕಾಲರಾ ಬಂತು. ಅದಕ್ಕೂ ಮುಂಚೆ ನೂರು ವರ್ಷದಲ್ಲಿ ಅಲ್ಲಿ ಕಾಲರಾ ಇರಲಿಲ್ಲ. ತಂದವರು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನೇಪಾಳದಿಂದ ಬಂದಿದ್ದ ಸೈನಿಕರು. ಅವರ ಶಿಬಿರದ ಹೊಲಸು ನದಿಗೆ ಸೇರಿತ್ತು. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ವಿಶ್ವಸಂಸ್ಥೆ ತನ್ನ ಪಾತ್ರ ಒಪ್ಪಿಕೊಂಡದ್ದು 2016ರಲ್ಲಿ. ಬಡ ದೇಶದವನು ಬಡ ದೇಶಕ್ಕೆ ಹೋದ ತಕ್ಷಣ ಒಳ್ಳೆಯದೇ ಆಗುತ್ತದೆ ಅಂತ ಏನೂ ಇಲ್ಲ. ಶೌಚದ ಗುಂಡಿ ಸರಿಯಾಗಿ ತೋಡಿದರಾ ಅಂತ ಯಾರಾದರೂ ಬಗ್ಗಿ ನೋಡಬೇಕು.

ಮುಯ್ಯಿಯಲ್ಲೂ ಮೋಸ ಇತ್ತು, ನಮ್ಮ ಹಳ್ಳಿಯಲ್ಲೇ ನೋಡಿದ್ದೇನೆ. ಎರಡೆಕರೆಯವನು ಗೌಡರ ಹೊಲಕ್ಕೆ ಹತ್ತು ದಿನ ಮುಯ್ಯಾಳು ಹೋಗುತ್ತಿದ್ದ. ಗೌಡರ ಮನೆಯಿಂದ ಇವನ ಹೊಲಕ್ಕೆ ಬರುತ್ತಿದ್ದದ್ದು ಅರ್ಧ ದಿನಕ್ಕೆ ಒಬ್ಬ ಆಳು, ಅದೂ ಸಂಬಳದ ಆಳು. ಹೆಸರು ಮುಯ್ಯಿ, ನಡೆಯುತ್ತಿದ್ದದ್ದು ಬಿಟ್ಟಿ. ಈ ದಕ್ಷಿಣ ದೇಶಗಳ ಕೇರಿಯಲ್ಲಿ ಗೌಡರು ಯಾರು? ಚೀನಾ ಅಂತ ತಕ್ಷಣ ಹೇಳುತ್ತೀರಿ. ಸರಿ. ನಾವೂ ಗೌಡರೇ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪ ಆಯಿತು, ಸುಮಾರು 9,000 ಜನ ಸತ್ತರು. ಕೆಲವೇ ಗಂಟೆಗಳಲ್ಲಿ ನಮ್ಮ ವಿಮಾನ, ನಮ್ಮ ಎನ್‌ಡಿಆರ್‌ಎಫ್ ಹುಡುಗರು ಅಲ್ಲಿದ್ದರು. ಹೆಮ್ಮೆಯ ವಿಷಯ. ಆದರೆ ಅವಶೇಷದ ಕೆಳಗೆ ಮಗ ಸಿಕ್ಕಿಕೊಂಡ ತಾಯಿಯ ಬಾಯಿಗೆ ಮೈಕ್ ಹಿಡಿದು ಹೇಗನ್ನಿಸುತ್ತಿದೆ ಅಂತ ನಮ್ಮ ಟಿವಿಯವರು ಕೇಳಿದರು. ಒಂದು ವಾರದೊಳಗೆ ಭಾರತದ ಮಾಧ್ಯಮದವರೇ ಮನೆಗೆ ಹೋಗಿ ಅಂತ ನೇಪಾಳಿಗಳು ಟ್ವಿಟ್ಟರ್‌ನಲ್ಲಿ ಸಾಲುಸಾಲು ಬರೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರ ಹೊಸ ಸಂವಿಧಾನದ ಗಲಾಟೆ. ಗಡಿಯಲ್ಲಿ ಲಾರಿಗಳು ನಿಂತವು. ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ಔಷಧಿ ಇಲ್ಲ. ಇದು ಭಾರತ ಹಾಕಿದ ದಿಗ್ಬಂಧನ ಅಂತ ನೇಪಾಳ ಹೇಳಿತು. ಅಲ್ಲ, ಇದು ನಿಮ್ಮದೇ ದಕ್ಷಿಣ ಬಯಲಿನ ಮಧೇಶಿ ಜನರ ಪ್ರತಿಭಟನೆ ಅಂತ ದೆಹಲಿ ಹೇಳಿತು. ಯಾರು ಸರಿ ಅನ್ನುವುದನ್ನು ರಾಜಕೀಯಶಾಸ್ತ್ರದ ಮೇಷ್ಟ್ರಿಗೆ ಬಿಡುತ್ತೇನೆ. ಡೇರೆಯಲ್ಲಿ ಚಳಿಗಾಲ ಕಳೆದವರಿಗೆ ನೆನಪಿರುವುದು ಏಪ್ರಿಲ್ಲಾ, ಸೆಪ್ಟೆಂಬರ್ರಾ? ಮುಯ್ಯಿಯ ಇನ್ನೊಂದು ಅರ್ಥ ಅಂದೆನಲ್ಲ, ಅದು ಹುಟ್ಟುವುದು ಇಂಥ ಕಡೆ.

ಗೌಡರ ಇನ್ನೊಂದು ಗುಣ, ಕೊಡುತ್ತಾರೆ, ತಗೊಳ್ಳುವುದಿಲ್ಲ. 2004ರ ಸುನಾಮಿಯಲ್ಲಿ ನಮ್ಮ ಕರಾವಳಿಯಲ್ಲೇ ಸಾವಿರಾರು ಜನ ಸತ್ತಿದ್ದರು. ಆದರೂ ಭಾರತ ಹೊರಗಿನ ಸರ್ಕಾರಗಳ ನೆರವು ಬೇಡ ಅಂದಿತು, ತಾನೇ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಕ್ಕೆ ಹಡಗು ಕಳಿಸಿತು. 1966ರ ಹಡಗಿಗೆ ಕಾದವರಿಗೆ ಆ ಹೆಮ್ಮೆ ಅರ್ಥವಾಗುತ್ತದೆ, ನನಗೂ ಆಗ ಎದೆ ಉಬ್ಬಿತ್ತು. ಆದರೆ ಊರವರ ಮುಯ್ಯಿ ಬೇಡ ಅನ್ನುವ ಮನೆಗೆ ನಮ್ಮಲ್ಲಿ ಏನನ್ನುತ್ತಾರೆ? ಊರ ಜೊತೆ ಬಳಕೆ ಬಿಟ್ಟವರು ಅನ್ನುತ್ತಾರೆ.

ಆ ಹೆಮ್ಮೆ 2021ರ ಏಪ್ರಿಲ್‌ನಲ್ಲಿ ಮುರಿಯಿತು. ಆ ವರ್ಷದ ಜನವರಿಯಿಂದ ನಾವು ಭೂತಾನ್, ಮಾಲ್ಡೀವ್ಸ್‌ನಿಂದ ಹಿಡಿದು ಹತ್ತಾರು ದೇಶಗಳಿಗೆ ಲಸಿಕೆ ಕಳಿಸುತ್ತಿದ್ದೆವು. ಎರಡನೇ ಅಲೆ ಬಂತು, ಲಸಿಕೆ ನಿಲ್ಲಿಸಿದೆವು, ಆಕ್ಸಿಜನ್‌ಗೆ ಕೈ ಚಾಚಿದೆವು. ಭೂತಾನ್ ತನ್ನ ಗಡಿಯ ಘಟಕದಿಂದ ಅಸ್ಸಾಮಿಗೆ ದಿನಕ್ಕೆ 40 ಟನ್ ಆಕ್ಸಿಜನ್ ಕೊಡುತ್ತೇವೆ ಅಂದಿತು. ಬಾಂಗ್ಲಾದೇಶ ರೆಮ್ಡಿಸಿವಿರ್ ಕಳಿಸಿತು.

ಕೀನ್ಯಾ ಏನು ಕಳಿಸಿತು ಹೇಳಿ ನೋಡೋಣ. 12 ಟನ್ ಚಹಾ, ಕಾಫಿ ಮತ್ತು ಶೇಂಗಾ.

(ಇಲ್ಲಿ ರೆಕಾರ್ಡಿಂಗಿನಲ್ಲಿ ನಗು ಕೇಳಿಸುತ್ತದೆ.)

ನಕ್ಕಿರಿ ನೋಡಿ. ಆಗಲೂ ಫೇಸ್‌ಬುಕ್ಕಿನಲ್ಲಿ, ಟ್ವಿಟ್ಟರ್‌ನಲ್ಲಿ ನಮ್ಮವರು ನಕ್ಕರು. ಇವರ ಹತ್ತಿರ ಕೈ ಚಾಚುವ ಗತಿ ಬಂತಾ, ಅಂತ ಬರೆದರು. ಅವರು ಕಳಿಸಿದ್ದು ಮುಂದೆ ನಿಂತು ಕೆಲಸ ಮಾಡುವ ಆಸ್ಪತ್ರೆಯವರಿಗೆ, ರಾತ್ರಿ ಪಾಳಿಯಲ್ಲಿ ಒಂದು ಲೋಟ ಬಿಸಿ ಚಹಾ ಆಗಲಿ ಅಂತ. ತಮ್ಮ ಹೊಲದಲ್ಲಿ ಬೆಳೆದದ್ದನ್ನು ಕಳಿಸಿದರು. ಆ ಸುದ್ದಿ ಓದಿದಾಗ ನನಗೆ ಕೆಂಪು ಬಟ್ಟೆಯ ಪುಸ್ತಕ ನೆನಪಾಯಿತು.

2025ರಲ್ಲಿ ಅಮೆರಿಕ ಹೊರದೇಶಗಳಿಗೆ ನೆರವು ಕೊಡುವ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು, ಜುಲೈ 1ಕ್ಕೆ ಅದರ ಕೆಲಸ ನಿಂತಿತು. ಅದರ ದುಡ್ಡಿನಲ್ಲಿ ನಡೆಯುತ್ತಿದ್ದ ಆಸ್ಪತ್ರೆ, ಗಂಜಿಕೇಂದ್ರಗಳಿಗೆ ಬೀಗ ಬಿತ್ತು. ಆ ಜಾಗವನ್ನು ಮುಯ್ಯಿ ತುಂಬುತ್ತದಾ ಅಂತ ಕೇಳಿದರೆ, ದುಡ್ಡಿನಲ್ಲಿ ತುಂಬುವುದಿಲ್ಲ ಅಂತಲೇ ನಾನು ಹೇಳುವುದು. ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ 2004ರಿಂದ ನಡೆಸುವ ಜಂಟಿ ನಿಧಿಗೆ ಒಂದೊಂದು ದೇಶ ವರ್ಷಕ್ಕೆ ಹಾಕುವುದು 10 ಲಕ್ಷ ಡಾಲರ್. ಅದರಲ್ಲಿ ಹೈಟಿಯ ಒಂದು ಬಡಾವಣೆಯಲ್ಲಿ ಕಸ ಎತ್ತುವ ವ್ಯವಸ್ಥೆ ಆಯಿತು, ಒಳ್ಳೆಯ ಕೆಲಸ. ಆದರೆ ಅದು ಕಾಳಿನ ಲೆಕ್ಕ ಅಲ್ಲ, ಬೀಜದ ಲೆಕ್ಕ. ಕಾಳು ಕೊಡುವವರು ಕೊಡುತ್ತಲೇ ಇರಬೇಕು. ಉಪ್ಪಿಟ್ಟು ತಿಂದವನು ನಾನು, ಅದನ್ನು ನಿಲ್ಲಿಸಿ ಅಂತ ಹೇಳಲಾರೆ.

ಇಷ್ಟಕ್ಕೆ ಮಾತು ನಿಲ್ಲಿಸಿದೆ. ಕಾಫಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಪ್ರಶ್ನೆಗಳು ಶುರುವಾದವು. ಹೆಚ್ಚಿನವು ಚೀನಾದ ಸಾಲದ ಬಗ್ಗೆ. ಅದನ್ನು ಇಲ್ಲಿ ಬರೆಯುತ್ತಿಲ್ಲ, ಅದಕ್ಕೆ ಇನ್ನೊಂದು ದಿನ ಬೇಕು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ಕೇಳಿದಳು: ‘ಸರ್, ಕೀನ್ಯಾದ ಮುಯ್ಯಿ ನಾವು ತೀರಿಸಿದ್ವಾ?’

ತೀರಿಸಿದೆವು ಅಂದೆ. 2024ರ ಏಪ್ರಿಲ್, ಮೇನಲ್ಲಿ ಕೀನ್ಯಾದಲ್ಲಿ ದೊಡ್ಡ ಪ್ರವಾಹ ಬಂತು. ನಮ್ಮ ನೌಕಾಪಡೆಯ ಹಡಗು ಮೊಂಬಾಸಾಕ್ಕೆ ಸಾಮಾನು ಒಯ್ದಿತು. ಅದರ ಹಿಂದೆಯೇ ವಿಮಾನದಲ್ಲಿ 40 ಟನ್ ಔಷಧಿ ಮತ್ತು ಆಸ್ಪತ್ರೆ ಸಾಮಗ್ರಿ ಹೋಯಿತು.

ಮುಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಇಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಕಣ್ಣು ಬಿಟ್ಟು, ಬೆರಳಲ್ಲಿ ಏನೋ ಲೆಕ್ಕ ಹಾಕಿ ಹೇಳಿದರು: ‘ಹನ್ನೆರಡಕ್ಕೆ ನಲವತ್ತಾ? ನಿಮ್ಮ ಅಜ್ಜಿ ಲೆಕ್ಕದಾಗೆ ಹದಿನೆಂಟು ಆಗಬೇಕಿತ್ತಲ್ಲ ಮೇಷ್ಟ್ರೇ.’